ಪಾದ್ರಿಗೆ ಹೊದಿಸಿದ ಶಾಲು

ಪರದೇಶದ ಬೆಲ್‌ರೋಸ್ ಊರಲ್ಲಿರೋ ನಮ್ಮೋರ ಒಂದು ಹೋಟೆಲಲ್ಲಿ ನಾನು ದೋಸೆ ಹುಯ್ಯೋಳು. ಯೂನಿಯನ್ ಕಟ್ಟೋಣ ಅಂದಳು ಅಂತ ಓನರ್ ಸುರೇಶ ಪಾತ್ರೆ ತೊಳೆಯೋ ರೋಸಾಳನ್ನ ಕೆಲಸದಿಂದ ಕಿತ್ತುಹಾಕಿದ. ಮರುದಿನವೇ ಅವಳ ಚರ್ಚಿನ ಪಾದ್ರಿ ಬಂದರು ನೋಡಿ!

ಸುರೇಶನಿಗೋ, ಯಾವ ನಿಲುವಂಗಿ ಕಂಡರೂ ಅಡ್ಡಬೀಳೋ ಚಟ. ಏನು ಎತ್ತ ಕೇಳದೆ ಗಿರಾಕಿಗಳ ಮುಂದೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಏನು ಸೇವೆ ಮಾಡಲಿ, ಫಾದರ್?" ಅಂದ.

"ರೋಸಾಳನ್ನ ವಾಪಸ್ ಕರೀರಿ. ಅಲ್ಲೀತನಕ ನಿಮ್ಮ ಬಾಗಿಲಲ್ಲೇ ಕೂತಿರ್ತೀನಿ" ಅಂದವರೇ ಪಾದ್ರಿ ಶಾಲು ಹೊದ್ದೇ ಹೊರಗೆ ಕೂತರು.

ಸುರೇಶ ಬೆವೆತುಕೊಂಡು ನನ್ನ ಹತ್ರ ಓಡಿಬಂದ. "ಆಂಟಿ, ಏನ್ ಮಾಡ್ಲಿ?"

"ನೀನೇ ಸನ್ಮಾನ ಮಾಡಿದೋರನ್ನ ಪೊಲೀಸ್ ಕರೆಸಿ ಎಬ್ಬಿಸ್ತೀಯೇನೋ? ಕರಿಯೋ ಅವಳನ್ನ!"

ಮಧ್ಯಾಹ್ನಕ್ಕೆ ರೋಸಾ ಮತ್ತೆ ಸಿಂಕಿನ ಮುಂದಿದ್ದಳು. ಪಾದ್ರಿ ಹೊರಡುವಾಗ, ಕೌಂಟರಲ್ಲಿ ಕೂರೋ ಸುರೇಶನ ಹೆಂಡತಿ ಪಿಸುಗುಟ್ಟಿದ್ದನ್ನ ಮಾತ್ರ ನಾನು ಕಿವಿಯಾರೆ ಕೇಳಿದೆ: "ಫಾದರ್, ಓನರ್ ಹೆಂಡತೀರನ್ನೂ ಯೂನಿಯನ್ನಿಗೆ ಸೇರಿಸ್ಕೋತಾರಾ?"