ಎಲ್ಲ ಉಪಗ್ರಹಗಳಿಗೂ ಒಂದೇ ಆಯುಸ್ಸು

ಶಾಲೆಯ ಕೆಲಸ ಬಿಟ್ಟ ಮೇಲೆ, ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಸಣ್ಣ ಕಚೇರಿಯೊಂದರಲ್ಲಿ ಎಂಜಿನಿಯರರ ಬರವಣಿಗೆಯನ್ನು ತಿದ್ದುವ ಕೆಲಸಕ್ಕೆ ಸೇರಿದೆ. ತೊಂಬತ್ತರ ದಶಕದ ಕೊನೆ ಅದು. ಲಾರಿಯಲ್ಲೋ ದೋಣಿಯಲ್ಲೋ ಚಲಿಸುತ್ತಿರುವವರಿಗೆ ತಾವೆಲ್ಲಿದ್ದೇವೆಂದು ಉಪಗ್ರಹಗಳ ನೆರವಿನಿಂದ ತಿಳಿಸುವ ಯಂತ್ರವನ್ನು ಅಲ್ಲಿ ಕಟ್ಟುತ್ತಿದ್ದರು. ನನ್ನ ತಮ್ಮನೂ ಅಲ್ಲಿಯೇ ಸರ್ವೆ ಕೆಲಸದಲ್ಲಿದ್ದ.

ಅಮೆರಿಕದವರು ಆಗ, ಹೊರಗಿನವರಿಗೆ ನಿಖರವಾದ ಜಾಗ ಸಿಗದಂತೆ, ತಮ್ಮ ಉಪಗ್ರಹಗಳ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದರು. ರಷ್ಯದವರು ಹಾಗೆ ಮಾಡುತ್ತಿರಲಿಲ್ಲ. ಆದ್ದರಿಂದ ಎರಡನ್ನೂ ಬೆರೆಸಿ, ರಷ್ಯದ್ದಕ್ಕೆ ಹೆಚ್ಚು ತೂಕ ಕೊಡುತ್ತಿದ್ದೆವು. ಆದರೆ ಹಾದಿ ಹೇಳುವ ಬಗೆ ಎರಡಕ್ಕೂ ಬೇರೆ. ಅಮೆರಿಕದ ಉಪಗ್ರಹವು ತಾನು ಸುತ್ತುವ ದೀರ್ಘವೃತ್ತವನ್ನೇ ವಿವರಿಸುತ್ತದೆ. ಆ ವಿವರಣೆ ಒಂದೆರಡು ಗಂಟೆ ಬಾಳುತ್ತದೆ. ರಷ್ಯದ್ದು, ಈ ಕ್ಷಣ ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಇತ್ತ ಹೊರಟಿದ್ದೇನೆ ಎಂದಷ್ಟೇ ಹೇಳುತ್ತದೆ; ಆ ಮಾತು ಕಾಲು ಗಂಟೆ ಕಳೆದರೆ ಹಳಸುತ್ತದೆ. ನಮ್ಮ ಹಿರಿಯ ಎಂಜಿನಿಯರರು ಅದನ್ನೂ ದೀರ್ಘವೃತ್ತದ ಅಚ್ಚಿಗೆ ಎರೆದು, ಎರಡಕ್ಕೂ ಎರಡು ಗಂಟೆಗಳ ಆಯುಸ್ಸು ಬರೆದುಬಿಟ್ಟರು.

“ಸರ್, ರಷ್ಯದ್ದು ಅಷ್ಟು ಹೊತ್ತು ತಡಿತೈತೇನ್ರಿ?” ಎಂದು ಕೇಳಿದೆ.

“ಟೀಚರಮ್ಮ, ನಿಮ್ಮ ಸಾಲ್ಯಾಗ ಎಲ್ಲ ಮಕ್ಕಳಿಗೂ ಒಂದೇ ಯೂನಿಫಾರಂ ಇರ್ಲಿಲ್ಲೇನು? ಹೆಂಗೂ ಕಾಲು ಗಂಟೆಗೊಮ್ಮೆ ಹೊಸದು ಬರ್ತೈತೆ, ಬಿಡ್ರಿ.”

ಬರುತ್ತಲೇ ಇತ್ತು. ಯಂತ್ರ ಹಾದಿಯ ವಿವರವನ್ನು ತಾನೇ ಓದುತ್ತಿರಲಿಲ್ಲ; ಕಚೇರಿಯ ಮಾಳಿಗೆಯ ಆಂಟೆನಾ ಹಿಡಿದದ್ದನ್ನು ಅಲ್ಲಿಯ ಕಂಪ್ಯೂಟರು ರೇಡಿಯೋದಲ್ಲಿ ಅದಕ್ಕೆ ರವಾನಿಸುತ್ತಿತ್ತು. ಹೀಗಾಗಿ ಆ ಸುಳ್ಳು ಆಯುಸ್ಸು ಪರೀಕ್ಷೆಗೇ ಒಳಗಾಗಲಿಲ್ಲ.

ಆ ಮಳೆಗಾಲ ಹರಿಹರದಲ್ಲಿ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ನಕ್ಷೆಗೆ ಏರಿಸಿದ್ದ ಬಂಡೆಗಳೆಲ್ಲ ಮುಳುಗಿದ್ದವು. ಕಾಣದ ಆ ಬಂಡೆಗಳನ್ನು ಯಂತ್ರದ ಮಾತಿನ ಮೇಲೆ ತಪ್ಪಿಸಿ ಸಾಗುವುದೇ ಪರೀಕ್ಷೆ. ತಮ್ಮನೂ ಅಂಬಿಗನೂ ಯಂತ್ರದೊಂದಿಗೆ ಹರಿಗೋಲು ಹತ್ತಿದರು. ನಾನು ದಡದ ಜೀಪಿನಲ್ಲಿ, ಯಂತ್ರ ಕಳಿಸುವುದನ್ನು ನಕ್ಷೆಯ ಮೇಲೆ ತೋರಿಸುವ ಪರದೆಯ ಮುಂದೆ ವೈರ್‌ಲೆಸ್ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಜಡಿಮಳೆ ಅವರನ್ನು ನುಂಗಿತು. ಪರದೆಯ ಮೇಲೆ ಅವರ ಚುಕ್ಕೆಯೊಂದೇ ಉಳಿಯಿತು.

“ಅಕ್ಕ, ಬಂಡೆ ಎಷ್ಟು ದೂರ ಐತೆ?”

“ಭಾಳ ದೂರ ಐತಪ್ಪ. ನೀವು ನಡು ಹೊಳ್ಯಾಗ ಅದೀರಿ.”

“ಹಂಗಾದ್ರ ನೀರು ಯಾಕ ಹಿಂಗ ಸುಳಿ ತಿರುಗ್ತೈತೆ? ನಿನ್ನ ರಷ್ಯಾದೋರು ಕುಡ್ದು ಬಂದಾರೇನು?”

ಅಂಬಿಗ ನಕ್ಕದ್ದು ಕೇಳಿಸಿತು. ಆ ನಗುವಿನ ಹಿಂದೆ ಇನ್ನೊಂದು ಸದ್ದಿತ್ತು: ನೀರು ಕಲ್ಲಿಗೆ ಅಪ್ಪಳಿಸುವ ಸದ್ದು. ಪರದೆಯ ಮೇಲೆ ಎಲ್ಲ ಉಪಗ್ರಹಗಳೂ ಹಸಿರಾಗಿದ್ದವು. ಪ್ರತಿಯೊಂದರ ಎದುರಿಗೂ ‘ಮಾನ್ಯ’ ಎಂದಿತ್ತು. ಕಚೇರಿಯಿಂದ ಕೊನೆಯ ರವಾನೆ ಬಂದದ್ದು ಯಾವಾಗ ಎಂದು ನೋಡಿದೆ. ಒಂದು ಗಂಟೆ ಕಳೆದಿತ್ತು. ದಾವಣಗೆರೆಯಲ್ಲಿ ಕರೆಂಟು ಹೋಗಿತ್ತೆಂದು ಆಮೇಲೆ ತಿಳಿಯಿತು.

“ರಷ್ಯದವು ತೆಗಿ! ಅಮೆರಿಕದವಷ್ಟೇ ಇಟ್ಕೋ!” ಎಂದು ಕೂಗಿದೆ.

ಅವನು ತೆಗೆದ. ಚುಕ್ಕೆ ನಡು ಹೊಳೆಯನ್ನು ಬಿಟ್ಟು ಜಿಗಿದು, ಬಂಡೆಗಳ ಮೇಲೆಯೇ ಮಸುಕು ಮಸುಕಾಗಿ ಅಲೆದಾಡತೊಡಗಿತು.

“ಅಕ್ಕ...” ಎಂದ. ಮುಂದೆ ವೈರ್‌ಲೆಸ್ಸಿನಲ್ಲಿ ಬರಿಯ ಮೊರೆತ. ಚುಕ್ಕೆ ಆರಿತು.

ಬಹಳ ಹೊತ್ತಿನ ಮೇಲೆ, ಕೆಳಗಿನ ತಿರುವಿನಲ್ಲಿ ಹರಿಗೋಲು ಕಾಣಿಸಿತು. ಒಂದು ಮಗ್ಗುಲು ಹರಿದು ಜೋತಾಡುತ್ತಿತ್ತು. ಅಂಬಿಗ ಒಂದು ಕೈಯಲ್ಲಿ ಅದರ ಅಂಚನ್ನೂ ಇನ್ನೊಂದರಲ್ಲಿ ನನ್ನ ತಮ್ಮನ ಕೊರಳಪಟ್ಟಿಯನ್ನೂ ಹಿಡಿದಿದ್ದ. ಯಂತ್ರ ಹೊಳೆಯ ಪಾಲಾಗಿತ್ತು.

ಕಂಬಳಿ ಹೊದ್ದು ನಡುಗುತ್ತಾ ಜೀಪಿಗೆ ಬಂದ ತಮ್ಮ, ಪರದೆಯತ್ತ ಬಾಗಿ ರಷ್ಯದ ಸಾಲನ್ನು ನೋಡಿದ. ಅದು ಇನ್ನೂ ಹಸಿರಾಗಿಯೇ ಇತ್ತು.

“ಇವಕ್ಕ ಇನ್ನೂ ಅರ್ಧ ಗಂಟೆ ಆಯುಸ್ಸು ಐತಲ್ಲಕ್ಕ,” ಎಂದ.