ಕೊಂಡಮ್ಮ ವಾರ್ನಿಷ್ ವಾಸನೆ ತೆಗೆದದ್ದು

ಹೊಸ ಮಂಚವೋ ತೊಟ್ಟಿಲೋ ಮನೆಗೆ ಬಂದು, ವಾರ್ನಿಷ್ ವಾಸನೆ ಹೋಗದೇ ಇದ್ದರೆ, ಜಂಗಮಕೋಟೆಯ ಜನ ಅದನ್ನು ಹೊತ್ತು ತಂದು ಕೊಂಡಮ್ಮನ ಅಂಗಳದಲ್ಲಿ ಇಳಿಸುತ್ತಿದ್ದರು. ಶಿಡ್ಲಘಟ್ಟದಿಂದ ಗಾಡಿ ಕಟ್ಟಿಕೊಂಡು ಬಂದವರೂ ಉಂಟು. ಆಕೆ ಓದಿದ್ದು ಎರಡನೇ ಕ್ಲಾಸು. ಈ ಕೆಲಸ ಯಾರೂ ಹೇಳಿಕೊಟ್ಟದ್ದಲ್ಲ. ಗಂಡ ಸತ್ತ ತಿಂಗಳು ತಾನೇ ಕಲಿತದ್ದು.

ಅದು ಐವತ್ತೇಳನೇ ಇಸವಿ. ಗಂಡ ಕೋನಪ್ಪ ಮರಗೆಲಸದವನು. ಕುಲದ ಆಚಾರಿಯಲ್ಲ. ಚಿಂತಾಮಣಿಯಲ್ಲಿ ಸಾಬರೊಬ್ಬರ ಅಂಗಡಿಯಲ್ಲಿ ಆರು ವರ್ಷ ಇದ್ದು ಕಲಿತವನು. ಕಿಟಕಿ, ಬಾಗಿಲು, ಮುರಿದ ನೇಗಿಲು, ಇಷ್ಟೇ ಅವನಿಗೆ ಬರುತ್ತಿದ್ದ ಕೆಲಸ. ಊರಿನ ದೊಡ್ಡ ರೈತ ನರಸಿಂಹಪ್ಪ, ರೇಷ್ಮೆ ಹುಳದ ತಟ್ಟೆ ಜೋಡಿಸೋಕೆ ಸ್ಟ್ಯಾಂಡು ಮಾಡಿಕೊಡು ಅಂದಾಗ ಹಿಗ್ಗಿಹೋದ. ಹೊನ್ನೆ ಮರ. ಒಂದು ಮೊಳೆ ಇಲ್ಲ, ಎಲ್ಲಾ ಮರದ ಗೂಟದಲ್ಲೇ ಕೂಡಿಸಿದ. ನೋಡೋಕೆ ಲಕ್ಷಣವಾಗಿರಲಿ ಅಂತ ಎರಡು ಸಲ ವಾರ್ನಿಷ್ ಬಳಿದ.

ಹುಳಕ್ಕೆ ಘಾಟು ಆಗದು. ಬೀಡಿ ಸೇದಿದವನನ್ನೇ ಹುಳದ ಮನೆಯೊಳಗೆ ಬಿಡೋದಿಲ್ಲ. ತಪ್ಪು ಕೋನಪ್ಪನದೇ. ಕೊಂಡಮ್ಮ ಅದನ್ನು ಯಾವತ್ತೂ ಇಲ್ಲ ಅನ್ನಲಿಲ್ಲ.

ಸ್ಟ್ಯಾಂಡು ಕೊಟ್ಟ ನಾಲ್ಕನೇ ದಿನ ಎದೆನೋವು ಅಂತ ಕೂತವನು ಏಳಲಿಲ್ಲ. ಮೂವತ್ತೆಂಟು ವಯಸ್ಸು.

ತಿಥಿ ಆದ ಮಾರನೇ ದಿನ ನರಸಿಂಹಪ್ಪ ಬಂದು ಅಂಗಳದಲ್ಲಿ ನಿಂತ.

"ಈಗ ಹೇಳಬಾರದು ಕೊಂಡಮ್ಮ, ಆದ್ರೂ ಹೇಳ್ತೀನಿ. ನಾಲ್ಕು ತಟ್ಟೆ ಇಟ್ಟು ನೋಡ್ದೆ. ಹುಳ ಸೊಪ್ಪು ಮುಟ್ಟಲಿಲ್ಲ, ಅಂಚಿಗೆ ಹರಿದು ಸತ್ತವು. ಇನ್ನು ಹತ್ತು ದಿನಕ್ಕೆ ಹೊಸ ಮೊಟ್ಟೆ ಒಡೀತವೆ. ಸ್ಟ್ಯಾಂಡು ಒಲೆಗೆ ಹಾಕ್ತೀನಿ. ಕುಲದ ಆಚಾರಿ ಆಗಿದ್ದಿದ್ರೆ ಹಿಂಗೆ ಮಾಡ್ತಿರಲಿಲ್ಲ."

ಕೋನಪ್ಪ ಬಿಟ್ಟುಹೋದ ದೊಡ್ಡ ಕೆಲಸ ಅದೊಂದೇ. ಅದು ಒಲೆಗೆ ಹೋದರೆ ಅವನ ಬಗ್ಗೆ ಊರಲ್ಲಿ ಉಳಿಯೋದು ಈ ಮಾತೊಂದೇ.

"ಆ ಹತ್ತು ದಿನ ನನಗೆ ಕೊಡಿ ಅಣ್ಣ," ಅಂದಳು. "ಸ್ಟ್ಯಾಂಡು ಇಲ್ಲಿಗೆ ಕಳಿಸಿ. ಆಮೇಲೂ ಹುಳ ತಿನ್ನಲಿಲ್ಲ ಅಂದ್ರೆ ನಾನೇ ಕೊಡಲಿ ತಗೊಂಡು ಬರ್ತೀನಿ."

ಗೂಟ ಬಡಿದು ಸ್ಟ್ಯಾಂಡು ಬಿಚ್ಚಿದಳು. ಬಿಸಿನೀರು, ಸೀಗೆಪುಡಿ ಹಾಕಿ ಒಂದೊಂದು ಪಟ್ಟಿಯನ್ನೂ ಉಜ್ಜಿದಳು. ಬೂದಿ ಹಚ್ಚಿ ತಿಕ್ಕಿದಳು. ಬಿಸಿಲಿಗೆ ಹಾಕಿದರೆ ಮರ ಸೀಳುತ್ತದೆ ಅಂತ ಗಾಳಿ ಆಡುವ ನೆರಳಲ್ಲಿ ನಿಲ್ಲಿಸಿದಳು. ಕತ್ತಲಾದರೆ ಒಳಗಿಟ್ಟು, ಸುತ್ತ ಮಡಕೆಗಳಲ್ಲಿ ಇದ್ದಿಲು ತುಂಬಿ ಇಡುವಳು.

ಪಕ್ಕದ ಮನೆ ಗಂಗುಲಮ್ಮ ಗೋಡೆ ಮೇಲಿಂದ ಇಣುಕಿದಳು. "ಯಾಕೆ ಇಷ್ಟು ಒದ್ದಾಡ್ತೀಯೇ? ಸಾಂಬ್ರಾಣಿ ಹೊಗೆ ಹಾಕು, ಘಮ್ ಅಂತದೆ."

"ಹುಳಕ್ಕೆ ಘಮ್ಮೂ ಒಂದೇ, ಗಬ್ಬೂ ಒಂದೇ ಕಣೇ. ವಾಸನೆ ಮುಚ್ಚೋದಲ್ಲ, ತೆಗೀಬೇಕು."

"ನೀನೂ ಗಂಡನಷ್ಟೇ ಮೊಂಡಿ."

"ಆಗ್ಲಿ ಬಿಡು."

ಏಳನೇ ದಿನ ಸ್ಟ್ಯಾಂಡು ಮತ್ತೆ ಕೂಡಿಸಿದಳು. ಅವಳ ಮೂಗಿಗೆ ಏನೂ ಗೊತ್ತಾಗುತ್ತಿರಲಿಲ್ಲ, ವಾರದಿಂದ ಅದರಲ್ಲೇ ಮುಳುಗಿ ಮರಗಟ್ಟಿತ್ತು. ನರಸಿಂಹಪ್ಪನ ಸೊಸೆ ರಾಮಲಕ್ಷ್ಮಮ್ಮ ಮೂರು ತಿಂಗಳ ಬಸುರಿ. ಮೂರು ಮನೆ ಆಚೆ ಒಗ್ಗರಣೆ ಹಾಕಿದರೂ ವಾಂತಿ ಮಾಡಿಕೊಳ್ಳುವಳು. ಅವಳಿಗೆ ಹೇಳಿ ಕಳಿಸಿದಳು. ಗಂಡ ಸತ್ತವಳ ಮನೆಗೆ ಬಸುರಿ ಹೋಗಬಾರದು ಅಂತ ಅತ್ತೆ ಗೊಣಗಿದಳಂತೆ. ಆದರೂ ಸೊಸೆ ಬಂದಳು. ಪಟ್ಟಿಗಳನ್ನು ಮೂಸಿದಳು, ಏನೂ ಆಗಲಿಲ್ಲ. ಮೂಲೆಗೆ ಬಗ್ಗಿದ್ದೇ ತಡ, ಬಾಯಿಗೆ ಸೆರಗು ಒತ್ತಿಕೊಂಡಳು.

"ಇಲ್ಲಿ ಅಕ್ಕಾ... ಗೂಟದ ಹತ್ರ..." ಅಂತ ಗೋಡೆ ಕಡೆ ಓಡಿದಳು.

ಕೊಂಡಮ್ಮ ಗೂಟ ಹೊರಗೆ ಬಡಿದು ತೂತಿಗೆ ಬೆರಳು ಹಾಕಿದಳು. ಒಳಗೆ ವಾರ್ನಿಷ್ ಹಸಿಯಾಗೇ ಇತ್ತು, ಬೆಲ್ಲದ ಪಾಕದ ಹಾಗೆ ಅಂಟಿತು. ಅವಳು ತಿಕ್ಕಿದ್ದು ಪಟ್ಟಿಯ ಹೊರಮೈ ಮಾತ್ರ. ತೂತಿನ ತಳ ಗಾಳಿ ಹೋಗದ ಜಾಗ, ಒಣಗುವುದು ಹೇಗೆ? ಕೋನಪ್ಪ ಇದ್ದಾಗ ಅವನ ಉಳಿ ಮುಟ್ಟಗೊಡುತ್ತಿರಲಿಲ್ಲ. ಅವತ್ತು ತೆಗೆದಳು. ನಲವತ್ತೆಂಟು ತೂತು, ಒಂದೊಂದನ್ನೂ ಕೆರೆದಳು, ಇದ್ದಿಲ ಪುಡಿ ತುಂಬಿದಳು, ಎರಡು ದಿನ ಬಿಟ್ಟು ಕೊಡವಿದಳು. ಅಂಗೈ ಸಿಪ್ಪೆ ಎದ್ದಿತು.

ಹತ್ತನೇ ದಿನ ರಾಮಲಕ್ಷ್ಮಮ್ಮ ಮೂಲೆಗೆ ಮೂಗು ಒತ್ತಿ ಮೂಸಿದಳು.

"ಮರದ ವಾಸನೆ ಅಕ್ಕಾ. ಬರೀ ಮರ."

ಸ್ಟ್ಯಾಂಡು ನರಸಿಂಹಪ್ಪನ ಮನೆಗೆ ಹೋಯಿತು. ಕೊಂಡಮ್ಮ ಎರಡು ವಾರ ಆ ಬೀದಿಗೆ ಕಾಲಿಡಲಿಲ್ಲ. ಹುಳ ಮೂರನೇ ಸಲ ಪೊರೆ ಬಿಟ್ಟು ಎದ್ದ ದಿನ ಹೋಗಿ ಹುಳದ ಮನೆ ಬಾಗಿಲ ಹೊರಗೆ ನಿಂತಳು. ನರಸಿಂಹಪ್ಪ "ಒಳಗೆ ಬಾ" ಅಂದ.

"ಈ ಸೀರೇಲೇ ಆ ಕೆಲಸ ಮಾಡಿದ್ದು ಅಣ್ಣ. ಬರಲ್ಲ. ತಿಂದಿವೆಯಾ ಹೇಳಿ."

ಅವನು ಒಳಗೆ ಹೋಗಿ ಹಿಪ್ಪುನೇರಳೆ ಕಡ್ಡಿಯೊಂದನ್ನು ತಂದು ಅವಳ ಕೈಗೆ ಕೊಟ್ಟ. ಎಲೆ ಇರಲಿಲ್ಲ. ಬರೀ ನರ ಉಳಿದಿತ್ತು.

ಸಾದಲಿಯ ರೈತನೊಬ್ಬ ಅಲ್ಲೇ ಸ್ಟ್ಯಾಂಡು ನೋಡಿಕೊಂಡು ಹೊರಗೆ ಬಂದಿದ್ದ. "ಅಲುಗಾಡೋದೇ ಇಲ್ವಲ್ಲ! ಯಾರು ಮಾಡಿದ್ದು? ನನಗೂ ಒಂದು ಬೇಕು."

"ಕೋನಪ್ಪ," ಅಂದ ನರಸಿಂಹಪ್ಪ. "ಈಗಿಲ್ಲ. ಈಕೆ ಗಂಡ."

"ಅಳತೆ ತಗೊಂಡು ಹೋಗಿ," ಅಂದಳು ಕೊಂಡಮ್ಮ. "ಯಾರ ಕೈಲಾದ್ರೂ ಮಾಡಿಸಿ. ವಾರ್ನಿಷ್ ಮಾತ್ರ ಬಳೀಬೇಡಿ."

ಅವನು ದಾರದಲ್ಲಿ ಅಳತೆ ಹಿಡಿದುಕೊಂಡು ಹೋದ. ನಾಲ್ಕು ವರ್ಷದಲ್ಲಿ ಸಾದಲಿ ಕಡೆ ಅಂಥವು ಹದಿನಾಲ್ಕಾದವು. ಅಲ್ಲಿನ ಆಚಾರಿಗಳು, ಕುಲದ ಆಚಾರಿಗಳೇ, ಅದಕ್ಕೆ ಕೋನಪ್ಪನ ಅಳತೆ ಅನ್ನುತ್ತಾರೆ.