ಅವಾಚ್ಯ ಶಬ್ದಗಳಿಂದ ನಿಂದಿಸಿದರು

ಮೊನ್ನೆ ನನ್ನ ಹೆಂಡತಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುರ್ಚಿಯ ಕೈಮೇಲಿದ್ದ ನನ್ನ ಬೆರಳುಗಳು ತಾವಾಗಿಯೇ ಕುಣಿಯತೊಡಗಿದವು. ನಮ್ಮ ಟೈಪ್‌ರೈಟರಿಗೂ ಅದೇ ಎಣ್ಣೆ ಬಿಡುತ್ತಿದ್ದೆವು. ತೊಂಬತ್ತರ ದಶಕದಲ್ಲಿ ನಾನು ಕೋರ್ಟಿನ ಬೆರಳಚ್ಚುಗಾರ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಂದು ವರ್ಗವಾದಾಗಲೆಲ್ಲ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ನಾಲ್ಕೂ ಊರು ಸುತ್ತಿದವನು. ಈಗ ಹೇಳುವುದು ಯಾವ ಊರಿನ ಸಂಗತಿ ಎಂದು ಮಾತ್ರ ಕೇಳಬೇಡಿ. ಪಿಂಚಣಿ ತಿನ್ನುವವನಿಗೆ ಅಷ್ಟಾದರೂ ಭಯವಿರಬೇಕು.

ಆ ಕೋರ್ಟೆಂದರೆ ನನಗೆ ಬಹಳ ಇಷ್ಟ. ಹೊರಗೆ ಹುಣಿಸೆಮರದ ಕೆಳಗೆ ಕಕ್ಷಿದಾರರು ಬುತ್ತಿ ಬಿಚ್ಚುತ್ತಿದ್ದರು. ಬೆಳಿಗ್ಗೆ ಒಬ್ಬರ ಮೇಲೊಬ್ಬರು ದೂರು ಹೇಳಿದವರೇ ಮಧ್ಯಾಹ್ನ ಉಪ್ಪಿನಕಾಯಿ ಹಂಚಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ಮೇಲುಕೋಟೆಯಿಂದ ಬರುತ್ತಿದ್ದ ಶಿರಸ್ತೇದಾರರು ಆಗಾಗ ಪುಳಿಯೋಗರೆ ತರುತ್ತಿದ್ದರು. ಆ ದಿನ ಟೈಪಾದ ಕಾಗದಗಳೂ ಘಮಘಮ ಎನ್ನುತ್ತಿದ್ದವು. ನನ್ನ ಕೈಯಂಥ ಕೈ ಜಿಲ್ಲೆಯಲ್ಲೇ ಇಲ್ಲವೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಸಾಕ್ಷಿ ಬಾಯಿ ತೆರೆಯುವ ಮೊದಲೇ ನನಗೆ ವಾಕ್ಯ ಗೊತ್ತು. ಬದುವಿನ ಜಗಳವಾಗಲಿ, ನಾಲೆ ನೀರಿನ ಜಗಳವಾಗಲಿ, ಯಾರು ಯಾರಿಗೆ ಏನೇ ಬೈದಿರಲಿ, ನನ್ನ ಕಾಗದದಲ್ಲಿ ಅದು ಒಂದೇ: ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು.’ ಪೊಲೀಸರು ಹಾಗೆ ಬರೆಯುತ್ತಿದ್ದರು, ವಕೀಲರು ಹಾಗೆ ಹೇಳುತ್ತಿದ್ದರು, ನಾನೂ ಹಾಗೇ ಹೊಡೆಯುತ್ತಿದ್ದೆ. ಮರ್ಯಾದೆಗೆ ಮರ್ಯಾದೆಯೂ ಆಯಿತು, ಕೆಲಸವೂ ಬೇಗ ಮುಗಿಯಿತು.

ಜೈಬುನ್ನಿಸಾ ಊರಿಗೆಲ್ಲ ಮೊಟ್ಟೆ ಜೈಬಮ್ಮ. ಸುತ್ತಲ ಹಳ್ಳಿಗಳಲ್ಲಿ ನಾಟಿಕೋಳಿ ಮೊಟ್ಟೆ ಕೊಂಡು, ಭತ್ತದ ಹೊಟ್ಟು ಹಾಸಿದ ಕುಕ್ಕೆಯಲ್ಲಿಟ್ಟು ಸಂತೆಗೆ ಒಯ್ಯುತ್ತಿದ್ದಳು. ನಮ್ಮ ಮನೆಗೂ ಅವಳದೇ ಮೊಟ್ಟೆ. ನನ್ನ ಹೆಂಡತಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರೆ, “ಯಾಕಕ್ಕ, ನನ್ ಮ್ಯಾಲೆ ನಂಬ್ಕೆ ಇಲ್ವಾ?” ಎಂದು ನಗುತ್ತಿದ್ದಳು.

ಒಂದು ಸಂತೆಯ ದಿನ ಬಸ್ಸಿನಲ್ಲಿ ಮೂವರು ಗಂಡಸರು ಅವಳ ಬುರ್ಖಾ ಹಿಡಿದೆಳೆದು, ಅವಳಿಗೂ ಅವಳ ಮತಕ್ಕೂ ಸೇರಿಸಿ ಬೈದು, ಕುಕ್ಕೆಯನ್ನು ಒದ್ದರು. ಬಸ್ಸಿನ ತುಂಬ ಜನ. ಎಲ್ಲರೂ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡಿದರು. ಸಾಕ್ಷಿ ಹೇಳಲು ಅವರಲ್ಲಿ ಒಬ್ಬರೂ ಬರಲಿಲ್ಲ. ಆರೋಪಿಗಳ ವಕೀಲರದು ಒಂದೇ ಮಾತು: “ಕುಕ್ಕೆ ಕಾಲಿಗೆ ಅಡ್ಡವಿತ್ತು, ಜಗಳವಾಯಿತು, ಅಷ್ಟೇ ಸ್ವಾಮಿ. ಇದರಲ್ಲಿ ಧರ್ಮದ ಮಾತೆಲ್ಲಿ ಬಂತು?” ಇದು ಕುಕ್ಕೆಯ ಜಗಳವೋ, ಮುಸ್ಲಿಂ ಹೆಂಗಸೆಂದೇ ಮಾಡಿದ್ದೋ ಎಂಬುದು ಆ ಮೂವರು ಆಡಿದ ಮಾತಿನಿಂದ ಮಾತ್ರ ಗೊತ್ತಾಗಬೇಕಿತ್ತು.

ಜೈಬಮ್ಮ ಸಾಕ್ಷಿಕಟ್ಟೆಯ ಸರಳು ಹಿಡಿದು ಆ ಮಾತನ್ನು ಅಕ್ಷರ ಬಿಡದೆ ಹೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನನ್ನ ಕಡೆ ತಿರುಗಿ, “ಆಕೆ ಹೇಳಿದ್ದನ್ನು ಹಾಗೇ ಹೊಡೀರಿ” ಎಂದರು. ನನ್ನ ಕೈ ಕೇಳಬೇಕಲ್ಲ! ಅಷ್ಟು ವರ್ಷದ ಅಭ್ಯಾಸ. ಟಕಟಕನೆ ಅದೇ ಹಳೇ ವಾಕ್ಯ ಹೊಡೆದು ಮುಗಿಸಿತ್ತು.

ಹೇಳಿಕೆಯನ್ನು ಓದಿ ಹೇಳಿದ ಮೇಲೆಯೇ ಸಾಕ್ಷಿಯ ರುಜು ಪಡೆಯಬೇಕೆಂಬುದು ನಿಯಮ. ನಾವು ಯಾರೂ ಓದುತ್ತಿರಲಿಲ್ಲ. “ಇಲ್ಲಿ ಹಾಕಮ್ಮ” ಎಂದು ಬೆರಳು ತೋರಿಸುತ್ತಿದ್ದೆವು. ಅವಳಿಗೂ ತೋರಿಸಿದೆ. ಅವಳು ಪೆನ್ನು ಮುಟ್ಟಲಿಲ್ಲ.

“ಓದೇಳಿ ಸಾಮಿ.”

ಓದಿದೆ.

“ನಾನೇಳಿದ್ದು ಎಲ್ಲೋಯ್ತು?”

“ಇದೇ ಅಲ್ವೇನಮ್ಮ? ಅವಾಚ್ಯ ಅಂದ್ರೆ ಅದೇ ಕಣಮ್ಮ.”

“ಅದಲ್ಲ ಸಾಮಿ. ಇಷ್ಟು ಗಂಡಸ್ರ ಮುಂದೆ ನಾಚ್ಕೆ ಶರಮ್ ಬುಟ್ಟು ನಾನೇಳಿವ್ನಿ. ಬರಿಯಕ್ಕೆ ನಿಮ್ಗೇನು ಶರಮ್ಮು?”

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಹೊಸ ಹಾಳೆ ಏರಿಸಿ ಒಂದೊಂದೇ ಮಾತು ಹೊಡೆದೆ. ಆಮೇಲೆ ಅದನ್ನು ನನ್ನ ಬಾಯಿಂದಲೇ ಗಟ್ಟಿಯಾಗಿ ಓದಬೇಕಾಯಿತು. ಅವಳು ಒಂದೊಂದು ಮಾತಿಗೂ ತಲೆಯಾಡಿಸಿ, ಉರ್ದುವಿನಲ್ಲಿ ರುಜು ಹಾಕಿ ಇಳಿದು ಹೋದಳು.

ತೀರ್ಪಿನಲ್ಲಿ ನ್ಯಾಯಾಧೀಶರು ಆ ಮಾತುಗಳನ್ನೇ ಎತ್ತಿ ಬರೆದು, ಕುಕ್ಕೆಯ ಕತೆ ನಂಬುವಂಥದ್ದಲ್ಲ ಎಂದರು. ಮೂವರಿಗೂ ಶಿಕ್ಷೆಯಾಯಿತು. ಅವರು ಮೇಲಿನ ಕೋರ್ಟಿಗೆ ಹೋದರು. ಅಲ್ಲಿ ಏನಾಯಿತೆಂದು ತಿಳಿಯುವ ಮೊದಲೇ ನನಗೆ ವರ್ಗವಾಯಿತು. ಆದರೆ ಒಂದು ಯೋಚನೆ ಇವತ್ತಿಗೂ ಬಿಟ್ಟಿಲ್ಲ. ಅವಳಿಗಿಂತ ಮೊದಲು ನಾನು ಬೆರಳು ತೋರಿಸಿದ ಜಾಗದಲ್ಲಿ ತೆಪ್ಪಗೆ ಹೆಬ್ಬೆಟ್ಟು ಒತ್ತಿ ಹೋದ ಹೆಂಗಸರೆಷ್ಟೋ! ಅವರ ಮಾತನ್ನೆಲ್ಲ ನುಂಗಿದವನು ನಾನು.

ಇಷ್ಟನ್ನು ಬರೆದು ಹೆಂಡತಿಗೆ ಓದಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: “ಅವತ್ತು ನಾನು ಕೇಳ್ದಾಗ್ಲೂ ಅವಾಚ್ಯ ಅಂತ ಅಂದ್ಬುಟ್ರಿ. ಈಗ್ಲಾದ್ರೂ ಹೇಳಿ, ಏನಂದಿದ್ರು ಜೈಬಮ್ಮಂಗೆ?”

ನೋಡಿ ನನ್ನ ಬುದ್ಧಿ! ಇಷ್ಟುದ್ದ ಬರೆದು ಆ ಮಾತನ್ನೇ ಬಿಟ್ಟಿದ್ದೇನೆ. ನಿಜವಾಗಿ ನಾಚಿಕೆಯಾಯಿತು. ಆ ಮೂವರು ಅಂದದ್ದು ಇದು:

“ಮುಸುಕು ತೆಗಿಯೇ ಸಾಬ್ರೋಳೆ. ನಿಮ್ ಹೆಂಗಸ್ರ ಮಕ ಯಾರ್ ಬೇಕಾದ್ರೂ ನೋಡ್ಬೋದು, ಮೈ ಯಾರ್ ಬೇಕಾದ್ರೂ ಮುಟ್ಬೋದು. ಈ ದೇಸ್ದಲ್ಲಿ ನಿಮ್ಮನ್ನ ಕೇಳೋರು ಯಾರವ್ರೆ?”